1917ರಲ್ಲಿ ರಷ್ಯಾದ ಜನ ದಂಗೆ ಎದ್ದಿದ್ದು ಯಾಕೆ?

ಸಪ್ತಾಪುರದ ಓದುಗ:
ಧಾರವಾಡದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ರಷ್ಯಾದ ದೊರೆ, ಅಂದರೆ ಝಾರ್, ಎರಡನೇ ನಿಕೊಲಾಸ್ ಬಿದ್ದದ್ದಕ್ಕೆ ನೋಟ್ಸಿನಲ್ಲಿ ಮೊದಲ ಮಹಾಯುದ್ಧ, ಬಡತನ, ರಾಸ್ಪುಟಿನ್ (ಅರಮನೆಯಲ್ಲಿ ಪ್ರಭಾವ ಇದ್ದ ಸಾಧು) ಅಂತ ಒಂದೇ ಸಾಲು ಇದೆ. ಬಡತನ ಮೊದಲಿನಿಂದಲೂ ಇತ್ತಲ್ವಾ? ಮುನ್ನೂರು ವರ್ಷದ ಮನೆತನ ಎಂಟು ದಿನದಲ್ಲಿ ಹೇಗೆ ಹೋಯಿತು?

ಗದಗ ದಲಾಲಿ ಅಂಗಡಿ:
ನಾನು ಕಾಳಿನ ವ್ಯಾಪಾರದವನು, ಅದರ ಲೆಕ್ಕದಲ್ಲೇ ಹೇಳುತ್ತೇನೆ. ಹಳ್ಳಿಗಳಲ್ಲಿ ಧಾನ್ಯ ಇತ್ತು. ಯುದ್ಧದ ಖರ್ಚಿಗೆ ಸರ್ಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು, ನೋಟಿನ ಬೆಲೆ ಇಳಿಯಿತು. ಕಾರ್ಖಾನೆಗಳು ಮದ್ದುಗುಂಡು ಮಾಡುತ್ತಿದ್ದವು. ಕಾಳು ಮಾರಿದ ದುಡ್ಡಿಗೆ ಬಟ್ಟೆ, ಮೊಳೆ, ನೇಗಿಲು ಸಿಗುತ್ತಿರಲಿಲ್ಲ. ಮತ್ತೆ ರೈತ ಯಾಕೆ ಮಾರುತ್ತಾನೆ? ಕಡಲೆ ದರ ಬಿದ್ದಾಗ ಒಬ್ಬ ಹಿರಿಯರು ಟ್ರ್ಯಾಕ್ಟರ್ ಹೇರಿಕೊಂಡು ನಮ್ಮ ಅಂಗಡಿಗೆ ಬಂದಿದ್ದರು. ಅಂಗೈಯಲ್ಲಿ ಮಾದರಿ ಕಾಳು. ದರ ಕೇಳಿದರು, ಮುಷ್ಟಿ ಮುಚ್ಚಿದರು, ಒಂದು ಚೀಲವನ್ನೂ ಇಳಿಸದೆ ಹೊರಟರು. ಅಲ್ಲಿ ಊರೂರೇ ಹಾಗೆ ಮಾಡಿದವು.

ಹುಬ್ಬಳ್ಳಿ ಯಾರ್ಡ್:
ಮಾರಿದ್ದಾದರೂ ಊರು ಮುಟ್ಟಬೇಕಲ್ಲ. ಗೂಡ್ಸ್ ರೇಕ್‌ಗಳ, ಅಂದರೆ ಸರಕು ರೈಲುಗಳ ಜೊತೆಗೇ ನನ್ನ ನೌಕರಿ ಕಳೆಯಿತು, ಅದಕ್ಕೆ ಹೇಳುತ್ತೇನೆ. ಧಾನ್ಯ ಜಾಸ್ತಿ ಬೆಳೆಯುವುದು ದಕ್ಷಿಣದಲ್ಲಿ, ಆಗಿನ ರಾಜಧಾನಿ ಪೆಟ್ರೊಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ದೂರದ ಉತ್ತರದಲ್ಲಿ. ವ್ಯಾಗನ್‌ಗಳು ಸೈನ್ಯದ ಪಾಲು. ಕೆಟ್ಟ ಎಂಜಿನ್‌ಗೆ ಬಿಡಿಭಾಗ ಇಲ್ಲ. ಮೇಲೆ ಆ ವರ್ಷದ ಚಳಿ, ಹಿಮ. ಒಂದು ರೇಕ್ ನಿಂತರೆ ಹಿಂದಿನವೂ ನಿಲ್ಲುತ್ತವೆ.

ಸಪ್ತಾಪುರದ ಓದುಗ:
ಆದರೆ 1905ರಲ್ಲೂ ಜನ ಎದ್ದಿದ್ದರು. ಆಗ ಯಾಕೆ ಬೀಳಲಿಲ್ಲ?

ಗದಗ ದಲಾಲಿ ಅಂಗಡಿ:
ಒಳ್ಳೆ ಪ್ರಶ್ನೆ. 1905ರಲ್ಲಿ ಕೂಲಿಕಾರರು ಝಾರ್‌ನ ಪಟ ಹಿಡಿದು ಅರ್ಜಿ ಕೊಡಲು ಅರಮನೆಗೆ ಹೊರಟಿದ್ದರು. ಸೈನಿಕರು ಗುಂಡು ಹಾರಿಸಿದರು. ರಾಜ ನಮ್ಮ ತಂದೆ ಅನ್ನುವ ನಂಬಿಕೆ ಅವತ್ತೇ ಹೋಯಿತು, ಆದರೆ ಸೈನ್ಯದ ಬಹುಪಾಲು ಅವನ ಕಡೆಗೇ ಉಳಿಯಿತು. ಆಮೇಲೆ ಝಾರ್ ಡೂಮಾ ಅಂತ ಜನಪ್ರತಿನಿಧಿಗಳ ಸಭೆ ಕೊಟ್ಟ. ಅದು ಎದುರು ಮಾತಾಡಿತು ಅಂತ ಮೊದಲ ಎರಡು ಡೂಮಾಗಳನ್ನೂ ಮುಚ್ಚಿಸಿದ. ದೂರು ಹೇಳಲು ಇದ್ದ ಬಾಗಿಲನ್ನು ತಾನೇ ಹಾಕಿದ. 1915ರಲ್ಲಿ ತಾನೇ ಸೇನಾಪತಿ ಆದ, ಪ್ರತಿ ಸೋಲೂ ಅವನ ತಲೆಗೆ ಬಂತು.

ಅವರ ಹಳೆ ಕ್ಯಾಲೆಂಡರ್ ಪ್ರಕಾರ 1917ರ ಫೆಬ್ರವರಿ 23. ನಮಗೆ ಮಾರ್ಚ್ 8, ಮಹಿಳಾ ದಿನ. ಬ್ರೆಡ್ಡಿನ ಸಾಲಿನಲ್ಲಿ ನಿಂತು ಸಾಕಾಗಿದ್ದ ಪೆಟ್ರೊಗ್ರಾಡಿನ ಬಟ್ಟೆ ಗಿರಣಿಯ ಹೆಂಗಸರು ಕೆಲಸ ಬಿಟ್ಟು ಬೀದಿಗೆ ಬಂದರು. 26ಕ್ಕೆ ಜನರ ಮೇಲೆ ಗುಂಡು ಹಾರಿಸಿದ್ದ ವೊಲಿನ್ಸ್ಕಿ ರೆಜಿಮೆಂಟಿನವರು ಮರುದಿನ ಬೆಳಿಗ್ಗೆ ಅದೇ ಬಂದೂಕು ಹಿಡಿದು ಜನರ ಕಡೆ ಸೇರಿದರು. ಊರಿನ ದಂಡಿನಲ್ಲಿ ಬಹಳ ಮಂದಿ ಹೊಸದಾಗಿ ಸೇರಿಸಿಕೊಂಡ ರೈತರ ಮಕ್ಕಳು, ಇಂದೋ ನಾಳೆಯೋ ಯುದ್ಧಕ್ಕೆ ಹೋಗಬೇಕಾದವರು. ಅದೇ ಹಳೆ ಕ್ಯಾಲೆಂಡರಿನ ಮಾರ್ಚ್ 2ಕ್ಕೆ, ನಮಗೆ ಮಾರ್ಚ್ 15ಕ್ಕೆ, ಝಾರ್ ಪಟ್ಟ ಬಿಟ್ಟ.