ಅಪ್‌ಡೇಟ್: ಮೊಟ್ಟೆ ಒಡೆದು ತಿನ್ನುತ್ತಿದ್ದ ನಾಟಿ ಕೋಳಿ ಸರಿಹೋಯಿತು

ಚಿಂತಾಮಣಿ ಹತ್ತಿರದ ನಮ್ಮ ತೋಟದಲ್ಲಿ ಒಂದು ನಾಟಿ ಕೋಳಿ ತಾನಿಟ್ಟ ಮೊಟ್ಟೆಯನ್ನೇ ಕುಕ್ಕಿ ತಿನ್ನುತ್ತಿದೆ, ಏನು ಮಾಡಲಿ ಅಂತ ಎರಡು ವಾರದ ಹಿಂದೆ ಕೇಳಿದ್ದೆ. ಈಗ ಆರು ದಿನದಿಂದ ಒಂದೂ ಒಡೆದಿಲ್ಲ. ತುಂಬಾ ಖುಷಿಯಾಗಿದೆ.

ಮೊಟ್ಟೆಗೆ ತೂತು ಮಾಡಿ ಖಾರದಪುಡಿ ತುಂಬಿಡಿ ಅಂತ ಜಾಸ್ತಿ ಜನ ಹೇಳಿದ್ದಿರಿ. ತುಂಬಿಟ್ಟೆ. ಅದನ್ನೂ ಪೂರ್ತಿ ತಿಂದುಬಿಟ್ಟಿತು! ಪಶುವೈದ್ಯರನ್ನು ಕೇಳಿದಾಗ ಗೊತ್ತಾಯಿತು, ಹಕ್ಕಿಗಳಿಗೆ ಮೆಣಸಿನಕಾಯಿ ನಮ್ಮ ಹಾಗೆ ಉರಿಯುವುದೇ ಇಲ್ಲ. ಗಿಳಿಗಳು ಮೆಣಸಿನಕಾಯಿ ಆರಾಮಾಗಿ ತಿನ್ನುತ್ತವೆ, ಅಲ್ವಾ? ನನಗೆ ಹೊಳೆದೇ ಇರಲಿಲ್ಲ.

ಕೆಲಸ ಮಾಡಿದ್ದು ಕಲ್ಲಿನ ಉಪಾಯ. ಮೊಟ್ಟೆ ಗಾತ್ರದ ನುಣ್ಣನೆ ಬಿಳಿ ಕಲ್ಲು ಎರಡನ್ನು ಅದು ಮೊಟ್ಟೆ ಇಡುವ ಮಂಕರಿಯಲ್ಲಿ (ಬುಟ್ಟಿಯಲ್ಲಿ) ರಾಗಿ ಹುಲ್ಲಿನ ಮೇಲಿಟ್ಟೆ. ಮೂರು ದಿನ ಕುಕ್ಕಿ ಕುಕ್ಕಿ ಬಿಟ್ಟುಬಿಟ್ಟಿತು. ಮಂಕರಿಗೆ ಗೋಣಿಚೀಲ ಇಳಿಬಿಟ್ಟು ಕತ್ತಲೆ ಮಾಡಿದ್ದೂ ಸಹಾಯವಾಯಿತು. ಮೊಟ್ಟೆ ಇಟ್ಟ ತಕ್ಷಣ ಎತ್ತಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ನಮ್ಮ ಮೊಟ್ಟೆಗಳ ಸಿಪ್ಪೆ ತೆಳುವಾಗಿತ್ತು. ಕ್ಯಾಲ್ಸಿಯಂ ಕಡಿಮೆಯಾದರೆ ಹೀಗಾಗುತ್ತದೆ, ತಾನಾಗೇ ಒಡೆದ ಮೊಟ್ಟೆಯಿಂದ ರುಚಿ ಹತ್ತುತ್ತದೆ ಅಂದರು ವೈದ್ಯರು. ಈಗ ಕ್ಯಾಲ್ಸಿಯಂಗೆ ಅಂತ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡುತ್ತಿದ್ದೇನೆ. ಮೊಟ್ಟೆ ಸಿಪ್ಪೆಯನ್ನೇ ಹಾಕುವವರು ಒಣಗಿಸಿ ನುಣ್ಣಗೆ ಪುಡಿ ಮಾಡಿ ಹಾಕಿ, ಅದು ಮೊಟ್ಟೆಯದು ಅಂತ ಕೋಳಿಗೆ ಗುರುತು ಸಿಗಬಾರದು.