ಎಚ್4 ಕೇಸು ಹತ್ತು ವರ್ಷ ಎಲ್ಲೆಲ್ಲಿ ಸುತ್ತಿತು

ಮೊನ್ನೆ ಇಲ್ಲೊಬ್ರು ಕೇಳಿದ್ರಲ್ಲ, ಎಚ್4 ಇಎಡಿ, ಅಂದ್ರೆ ಅಮೆರಿಕದಲ್ಲಿ ಎಚ್1ಬಿ ವೀಸಾ ಮೇಲೆ ಕೆಲಸ ಮಾಡೋ ಕೆಲವರ ಗಂಡ ಅಥವಾ ಹೆಂಡತಿಗೆ ಸಿಗೋ ಕೆಲಸದ ಪರವಾನಗಿ, ಅದರ ವಿಷಯದಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ನಮ್ಮ ಪರ ತೀರ್ಪು ಕೊಟ್ಟಿದೆಯಂತೆ ಹೌದಾ ಅಂತ. ತೀರ್ಪೇ ಕೊಟ್ಟಿಲ್ಲ ಕಣ್ರೀ, 2025ರ ಅಕ್ಟೋಬರಲ್ಲಿ ಕೇಸನ್ನ ಕೈಗೇ ತಗೊಳ್ಳಲ್ಲ ಅಂತು, ಅಷ್ಟೆ. ಸರ್ಟ್ ಡಿನೈಡ್ ಅನ್ನೋದು ಇದಕ್ಕೇ. 9 ಜನ ಜಸ್ಟಿಸ್‌ಗಳಲ್ಲಿ 4 ಜನನಾದ್ರೂ ಕೇಳೋಣ ಅಂದ್ರೆ ಮಾತ್ರ ಒಳಗೆ ಬಿಟ್ಕೊಳ್ತಾರೆ, ಇಲ್ದಿದ್ರೆ ಕೆಳಗಿನ ಕೋರ್ಟ್ ಹೇಳಿದ್ದೇ ಉಳಿಯುತ್ತೆ. ಆ ಪರವಾನಗಿ ಕೊಡೋ ರೂಲ್ ಸರಿಯಿದೆ ಅಂತ ಸುಪ್ರೀಂ ಕೋರ್ಟ್ ಎಲ್ಲೂ ಹೇಳಿಲ್ಲ, ನಾಳೆ ಸರ್ಕಾರವೇ ರೂಲ್ ಬದಲಾಯಿಸೋಕೆ ಹೊರಟರೆ ಅದು ಬೇರೆ ಕಥೆ.

ಮಗಳ ಸಿವಿಕ್ಸ್ ಹೋಂವರ್ಕಿಗೆ ಇದೇ ಕೇಸನ್ನ ಒಂದು ಕವರ್ ಹಿಂದೆ ಮೆಟ್ಟಿಲು ಬಿಡಿಸಿ ತೋರಿಸ್ದೆ. ಕೆಳಗೆ 94 ಫೆಡರಲ್, ಅಂದ್ರೆ ಕೇಂದ್ರದ, ಡಿಸ್ಟ್ರಿಕ್ಟ್ ಕೋರ್ಟು, ಮಧ್ಯೆ 13 ಅಪೀಲ್ಸ್ ಕೋರ್ಟು, ಮೇಲೆ ಸುಪ್ರೀಂ. 2015ರಲ್ಲಿ ರೂಲ್ ಜಾರಿಗೆ ಬರೋಕೆ ಮುಂಚೆನೇ ಸೇವ್ ಜಾಬ್ಸ್ ಯುಎಸ್ಎ ಅನ್ನೋರು, ಕೆಲಸ ಕಳ್ಕೊಂಡ ಐಟಿಯವರು, ವಾಷಿಂಗ್ಟನ್ ಡಿಸ್ಟ್ರಿಕ್ಟ್ ಕೋರ್ಟಲ್ಲಿ ದಾವೆ ಹಾಕಿದ್ರು. 2016ರಲ್ಲಿ ಜಡ್ಜ್ ನಿಮಗೆ ಸ್ಟ್ಯಾಂಡಿಂಗ್ ಇಲ್ಲ ಅಂದ್ರು. ಪಕ್ಕದ್ಮನೆ ಬೇಲಿ ಜಗಳಕ್ಕೆ ನಾನು ಹೋಗಿ ಕೇಸ್ ಹಾಕಕ್ಕಾಗುತ್ತಾ, ನನಗೇನು ನಷ್ಟ ಅಂತ ತೋರಿಸ್ಬೇಕಲ್ಲ, ಅದೇ ಸ್ಟ್ಯಾಂಡಿಂಗ್. 2019ರಲ್ಲಿ ಅಪೀಲ್ಸ್ ಕೋರ್ಟ್ ಇಲ್ಲ ಇಲ್ಲ ಇವರಿಗೆ ಸ್ಟ್ಯಾಂಡಿಂಗ್ ಇದೆ ಅಂತ ರಿಮ್ಯಾಂಡ್ ಮಾಡ್ತು, ಅಂದ್ರೆ ಮತ್ತೆ ನೀವೇ ನೋಡಿ ಅಂತ ಕೆಳಗೆ ಕಳಿಸ್ತು. 2023ರಲ್ಲಿ ಕೆಳಗಿನವರು ರೂಲ್ ಸರಿ ಅಂದ್ರು, 2024ರ ಆಗಸ್ಟಲ್ಲಿ ಅಪೀಲ್ಸ್ ಕೋರ್ಟ್ ಅದನ್ನೇ ಅಫರ್ಮ್ ಮಾಡ್ತು, ಅಂದ್ರೆ ಎತ್ತಿ ಹಿಡೀತು. ಕೇಸ್ ಶುರುವಾದಾಗ ಸ್ಟ್ರೋಲರಲ್ಲಿದ್ದ ಹುಡುಗಿ, ಮುಗಿಯೋ ಹೊತ್ತಿಗೆ ಮಿಡಲ್ ಸ್ಕೂಲು! ಊರಿನ ಜಮೀನು ವ್ಯಾಜ್ಯ ನೋಡಿದವರಿಗೆ ಇದೇನು ದೊಡ್ಡದಲ್ಲ ಬಿಡಿ.

ಊರಲ್ಲಿ, ಅಂದ್ರೆ ಇಂಡಿಯಾದಲ್ಲಿ, ಹೈಕೋರ್ಟ್ ಮೂಲಕ ಎಲ್ಲಾ ಒಂದೇ ಏಣಿ, ಇಲ್ಲಿ ಸ್ಟೇಟ್ ಕೋರ್ಟುಗಳ ಏಣಿನೇ ಬೇರೆ. ಡಿವೋರ್ಸು, ಮಕ್ಕಳ ಕಸ್ಟಡಿ, ಸ್ಪೀಡಿಂಗ್ ಟಿಕೆಟ್ಟು ಸಾಮಾನ್ಯವಾಗಿ ಅಲ್ಲೇ. ಇಮಿಗ್ರೇಶನ್ ಕೋರ್ಟ್ ಎರಡರಲ್ಲೂ ಸೇರಲ್ಲ, ಅದು ಜಸ್ಟಿಸ್ ಡಿಪಾರ್ಟ್‌ಮೆಂಟ್ ಕೈಕೆಳಗಿರೋದು.

ಹಾಂ, ಆ ಕವರ್ ಯಾವುದು ಗೊತ್ತಾ, ನಮ್ಮೆಜಮಾನ್ರಿಗೆ ಬಂದಿದ್ದ ಜ್ಯೂರಿ ಡ್ಯೂಟಿ ಪತ್ರದ್ದು, ಅಂದ್ರೆ ಕೇಸ್ ಕೇಳಿ ತೀರ್ಪು ಹೇಳೋ ನಾಗರಿಕರ ಗುಂಪಿಗೆ ಬನ್ನಿ ಅಂತ ಕೋರ್ಟ್ ಕಳಿಸೋ ಕರೆ. ಸಿಟಿಜನ್ ಅಲ್ದವರಿಗೂ ಬಂದ್ಬಿಡುತ್ತೆ. ಜಂಕ್ ಮೇಲ್ ಜೊತೆ ಎಸೀಬೇಡಿ, ಸಿಟಿಜನ್ ಅಲ್ಲ ಅಂತ ಟಿಕ್ ಹಾಕಿ ವಾಪಸ್ ಕಳಿಸಿ. ತಪ್ಪಿ ಸಿಟಿಜನ್ ಅಂತ ಟಿಕ್ ಮಾಡೀರ ಮತ್ತೆ, ಗ್ರೀನ್ ಕಾರ್ಡಿಗೇ ಕುತ್ತು ಬರುತ್ತೆ.