ಲೆಟರ್‌ಮನ್ ಶೋದಲ್ಲಿ ಲೆಡ್ ಜೆಪಲಿನ್: ಅಷ್ಟೊಂದು ಇರುಸುಮುರುಸು ಯಾಕೆ?

ಕ್ಯಾಸೆಟ್‌ಪ್ರಿಯ:
2012ರ ಡಿಸೆಂಬರ್‌ನಲ್ಲಿ ಡೇವಿಡ್ ಲೆಟರ್‌ಮನ್ ಅಮೆರಿಕದ ಟಿವಿಯ ತಮ್ಮ ಲೇಟ್ ಶೋಗೆ, 1980ರಲ್ಲೇ ನಿಂತುಹೋದ ಬ್ರಿಟಿಷ್ ರಾಕ್ ಬ್ಯಾಂಡ್ ಲೆಡ್ ಜೆಪಲಿನ್‌ನ ಉಳಿದ ಮೂವರನ್ನೂ ಕರೆಸಿದ್ದರಲ್ಲ, ಅದನ್ನ ಮತ್ತೆ ನೋಡಿದೆ. ಗಿಟಾರ್‌ನ ಜಿಮ್ಮಿ ಪೇಜ್, ಗಾಯಕ ರಾಬರ್ಟ್ ಪ್ಲಾಂಟ್, ಬೇಸ್ ಗಿಟಾರ್ ಮತ್ತು ಕೀಬೋರ್ಡ್‌ನ ಜಾನ್ ಪಾಲ್ ಜೋನ್ಸ್ ಒಟ್ಟಿಗೆ ಕೂತು ಮಾತಾಡೋದು ಎಷ್ಟು ಅಪರೂಪ! ಆದರೆ ನೋಡ್ತಾ ನೋಡ್ತಾ ನನಗೇ ಕೂತಲ್ಲಿ ಕೂರೋಕಾಗಲಿಲ್ಲ. ಮಾತು ಹತ್ತಿಕೊಳ್ಳುವುದೇ ಇಲ್ಲ. ಲೆಟರ್‌ಮನ್ 1982ರಿಂದ ತಡರಾತ್ರಿಯ ಶೋ ನಡೆಸಿದವರು, ಇವರೂ ಕ್ಯಾಮೆರಾಗೆ ಹೊಸಬರಲ್ಲ. ಮತ್ತೆ ಎಡವಿದ್ದೆಲ್ಲಿ? ಬಲ್ಲವರು ಹೇಳಿ.

ಆರನೇ ತಂತಿ:
ಕಾರಣ ಒಂದೇ, ಬ್ಯಾಂಡ್ ಮತ್ತೆ ಸೇರುತ್ತಾ ಅನ್ನೋ ಪ್ರಶ್ನೆ. 2007ರ ಡಿಸೆಂಬರ್ 10ರಂದು ಲಂಡನ್ನಿನ ಓ2 ಅರೀನಾದಲ್ಲಿ ಒಂದೇ ಒಂದು ಸಂಜೆ ನುಡಿಸಿದರು. ಅದರ ಚಿತ್ರ ತೆರೆಗೆ ಬಂದದ್ದು 2012ರಲ್ಲಿ. ಆ ಐದು ವರ್ಷ ಹೋದಲ್ಲೆಲ್ಲ ಅದೇ ಪ್ರಶ್ನೆ. ಪ್ಲಾಂಟ್‌ಗೆ ಸಾಕಾಗಿತ್ತು.

ಬೇಸ್‌ಲೈನ್:
ಪ್ಲಾಂಟ್ ಒಬ್ಬರ ಮೇಲೇ ಹೊರಿಸೋದು ಸರಿಯಲ್ಲ ಅನ್ಸುತ್ತೆ. ನಾನು ಬೇಸ್ ನುಡಿಸೋನು, ಹಾಗಾಗಿ ನನ್ನ ಕಣ್ಣು ಯಾವಾಗಲೂ ಜೋನ್ಸ್ ಮೇಲೇ ಇರುತ್ತೆ. ಅವರನ್ನ ನೋಡ್ತಾ ಕೂತರೆ ಈ ಮೂವರ ನಡುವಿನ ಕಥೆಯೇ ಬೇರೆ ಥರ ಕಾಣುತ್ತೆ.

1980ರ ಸೆಪ್ಟೆಂಬರ್‌ನಲ್ಲಿ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡ ಮೇಲೆ, ಅದೇ ಡಿಸೆಂಬರ್‌ನಲ್ಲಿ ಬ್ಯಾಂಡ್ ನಿಲ್ಲಿಸಿಬಿಟ್ಟರು. ಅಂದರೆ ಲೆಟರ್‌ಮನ್ ಎದುರು ಕೂತದ್ದು ಬ್ಯಾಂಡ್ ಅಲ್ಲ, ಮೂವತ್ತೆರಡು ವರ್ಷ ಬೇರೆ ಬೇರೆ ಬದುಕಿದ ಮೂರು ಜನ. 1994ರಲ್ಲಿ ಪೇಜ್, ಪ್ಲಾಂಟ್ ಇಬ್ಬರೇ ಸೇರಿ ಎಂಟಿವಿಗೆ ಕಾರ್ಯಕ್ರಮ ಮಾಡಿದರು, ಜೋನ್ಸ್‌ರನ್ನ ಕರೆಯಲೇ ಇಲ್ಲ. ಅದಕ್ಕೆ ‘ನೋ ಕ್ವಾರ್ಟರ್’ ಅಂತ ಹೆಸರಿಟ್ಟರು. ಜೋನ್ಸ್ ಕೀಬೋರ್ಡ್ ಮುಂದೆ ಕೂತು ವೇದಿಕೆಯಲ್ಲಿ ವಿಸ್ತರಿಸುತ್ತಿದ್ದ ಹಾಡಿನ ಹೆಸರು ಅದು! ಮುಂದಿನ ವರ್ಷ ಬ್ಯಾಂಡನ್ನ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನೋ ಗೌರವ ಪಟ್ಟಿಗೆ ಸೇರಿಸಿದ ಸಮಾರಂಭದಲ್ಲಿ, ಕೊನೆಗೂ ನನ್ನ ಫೋನ್ ನಂಬರ್ ನೆನಪು ಮಾಡಿಕೊಂಡಿರಲ್ಲ ಗೆಳೆಯರೇ, ಥ್ಯಾಂಕ್ಸ್ ಅಂದರು ಜೋನ್ಸ್. ಸಭೆ ನಕ್ಕಿತು. ನನಗೆ ಇವತ್ತಿಗೂ ಅದು ನೋವಾಗಿಯೇ ಕೇಳುತ್ತೆ.

ಇಷ್ಟೆಲ್ಲ ಒಳಗಿಟ್ಟುಕೊಂಡವರನ್ನ ಒಂದೇ ಸಾಲಲ್ಲಿ ಕೂರಿಸಿ ‘ನೀವೆಲ್ಲ’ ಅಂತ ಪ್ರಶ್ನೆ ಎಸೆದರೆ, ಉತ್ತರಿಸೋದು ಯಾರು? ಒಬ್ಬರು ಇನ್ನೊಬ್ಬರ ಮುಖ ನೋಡ್ತಾರೆ. ತಡರಾತ್ರಿ ಶೋಗಳಲ್ಲಿ ಕೆಲವೇ ನಿಮಿಷದ ಮಾತು, ಅಷ್ಟರಲ್ಲಿ ಜಾಹೀರಾತು, ಎದುರಿಗೆ ನಗೋಕೆ ಸಿದ್ಧವಾಗಿ ಬಂದ ಜನ. ಒಬ್ಬ ನಟ ಬಂದು ಶೂಟಿಂಗ್‌ನ ಒಂದು ಘಟನೆ ಹೇಳಿ ಹೋಗೋಕೆ ಅದು ಹೇಳಿ ಮಾಡಿಸಿದ ಜಾಗ. ಮೂವರು ಹಳೇ ಸಂಗೀತಗಾರರಿಗೆ, ಅದರಲ್ಲೂ ನಾಲ್ಕನೆಯವನು ಇಲ್ಲದವರಿಗೆ, ಅಲ್ಲ.

ಇನ್ನೊಂದು ವಿಷಯ. ಅದೇ ವಾರ, ಡಿಸೆಂಬರ್ 2ರಂದು, ವಾಷಿಂಗ್ಟನ್‌ನಲ್ಲಿ ಕೆನಡಿ ಸೆಂಟರ್ ಗೌರವ ಸಮಾರಂಭ ನಡೆದಿತ್ತು. ಗೌರವ ಪಡೆದವರಲ್ಲಿ ಇವರೂ ಇದ್ದರು, ಲೆಟರ್‌ಮನ್ ಕೂಡ ಇದ್ದರು. ಹಾರ್ಟ್ ಬ್ಯಾಂಡಿನ ಆನ್ ವಿಲ್ಸನ್, ನ್ಯಾನ್ಸಿ ವಿಲ್ಸನ್ ಇವರದೇ ‘ಸ್ಟೇರ್‌ವೇ ಟು ಹೆವನ್’ ಹಾಡಿದರು, ಡ್ರಮ್ಸ್‌ನಲ್ಲಿ ಬಾನಮ್‌ರ ಮಗ ಜೇಸನ್. ಪ್ಲಾಂಟ್ ಕಣ್ಣು ತುಂಬಿಕೊಂಡದ್ದನ್ನ ನೀವೂ ನೋಡಿರಬಹುದು. ಮಾತಾಡೋ ಮನಸ್ಸಿಲ್ಲದವರು ಅನ್ನೋಕೆ ನನಗೆ ಬಾಯಿ ಬರದೇ ಇರೋದು ಅದಕ್ಕೇ. ಅವರ ಒಳಗನ್ನ ಮುಟ್ಟೋದು ಏನು ಅಂತ ಅಲ್ಲಿ ಎಲ್ಲರಿಗೂ ಕಂಡಿತ್ತು.

ಹಳೇ ರೇಡಿಯೊ:
ಬೇಸ್‌ಲೈನ್ ಅವರೇ, ಒಪ್ಪಿದೆ. ಒಂದು ಮಾತು ಸೇರಿಸ್ತೀನಿ. ಸಂದರ್ಶಕ ಅಭಿಮಾನಿ ಆಗಿರಲೇಬೇಕು ಅಂತಿಲ್ಲ. 1967ರಲ್ಲಿ ಬಿಬಿಸಿಯಲ್ಲಿ ಹಾನ್ಸ್ ಕೆಲರ್ ಅನ್ನೋ ಸಂಗೀತ ವಿಮರ್ಶಕರು ಪಿಂಕ್ ಫ್ಲಾಯ್ಡ್ ರಾಕ್ ಬ್ಯಾಂಡಿನ ಸಿಡ್ ಬ್ಯಾರೆಟ್, ರೋಜರ್ ವಾಟರ್ಸ್‌ರನ್ನ ಮಾತಾಡಿಸಿದರು. ಆಗ ಆ ಹುಡುಗರ ಮೊದಲ ಆಲ್ಬಮ್ ಕೂಡ ಬಂದಿರಲಿಲ್ಲ. ಕೆಲರ್ ಅವರದ್ದು ಸ್ಟ್ರಿಂಗ್ ಕ್ವಾರ್ಟೆಟ್ ಲೋಕ, ಅಂದರೆ ನಾಲ್ಕು ತಂತಿವಾದ್ಯಗಳ ಶಾಸ್ತ್ರೀಯ ಸಂಗೀತ. ಇಷ್ಟು ಜೋರು ಸದ್ದು ಯಾಕೆ ಬೇಕು ಅಂತ ಮುಖಕ್ಕೇ ಕೇಳಿದರು. ಇಬ್ಬರೂ ಸಿಟ್ಟಾಗದೆ, ನಮಗೆ ಹಾಗೇ ಇಷ್ಟ ಅಂತ ನೇರವಾಗಿ ಹೇಳಿದರು. ಇಷ್ಟವಿಲ್ಲದಿದ್ದರೂ ಕೆಲರ್ ಕೇಳಿದ್ದು ಸಂಗೀತದ ಬಗ್ಗೆಯೇ, ಅದಕ್ಕೇ ಆ ಸಂದರ್ಶನ ನೆನಪಲ್ಲಿ ನಿಂತಿದೆ.

ಕ್ಯಾಸೆಟ್‌ಪ್ರಿಯ:
1994ರದ್ದು ಗೊತ್ತಿತ್ತು, ಆದರೆ ಈ ಸಂದರ್ಶನಕ್ಕೆ ಜೋಡಿಸಿ ಯೋಚಿಸಿರಲಿಲ್ಲ. ಬೇಸ್‌ಲೈನ್ ಸರ್, ಆ ಕುರ್ಚೀಲಿ ನೀವಿದ್ದಿದ್ದರೆ ಏನು ಕೇಳ್ತಿದ್ರಿ?

ಬೇಸ್‌ಲೈನ್:
ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರಶ್ನೆ, ಹೆಸರು ಹಿಡಿದು. ಪ್ಲಾಂಟ್‌ಗೂ ಪೇಜ್‌ಗೂ 1972ರಲ್ಲಿ ಬಾಂಬೆಯ ವಾದ್ಯಗಾರರ ಜೊತೆ ರೆಕಾರ್ಡ್ ಮಾಡಿದ ದಿನಗಳ ಬಗ್ಗೆ. ಅಲ್ಲಿನ ತಬಲಾದವರಿಗೆ ನಿಮ್ಮ ತಾಳ ಹೇಗೆ ಹೇಳಿಕೊಟ್ಟಿರಿ, ಅವರಿಂದ ಏನು ಕಲಿತಿರಿ ಅಂತ. ಜೋನ್ಸ್‌ಗೆ ‘ಬ್ಲ್ಯಾಕ್ ಡಾಗ್’ ಹಾಡಿನ ರಿಫ್ ಬಗ್ಗೆ, ಅಂದರೆ ಅದರಲ್ಲಿ ಮತ್ತೆ ಮತ್ತೆ ಬರೋ ಸ್ವರಗುಚ್ಛದ ಬಗ್ಗೆ. ಅದು ಅವರದೇ ಕೆಲಸ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ, ಎಲ್ಲರೂ ಪೇಜ್ ಹೆಸರು ಹೇಳ್ತಾರೆ. ಆ ರಿಫ್ ನುಡಿಸ್ತಾ ಎಣಿಕೆ ಹಿಡಿಯೋಕೆ ಹೋದರೆ ಈಗಲೂ ಬೆರಳು ತಡವರಿಸುತ್ತೆ. ಬಾನಮ್ ಮಾತ್ರ ಎಣಿಕೆಯ ಗೋಜಿಗೇ ಹೋಗದೆ ಕೆಳಗೆ ನೇರ ತಾಳ ಹಿಡಿದು ಹೋಗ್ತಾರೆ.

ಕೊನೆಗೆ ಮೂವರಿಗೂ ಸೇರಿ ಒಂದು. ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಮನೆಯಲ್ಲಿ ಬಾನಮ್‌ರ ಡ್ರಮ್ಸನ್ನ ಕೆಳಗಿನ ಹಜಾರದಲ್ಲಿಟ್ಟು, ಎಂಜಿನಿಯರ್ ಆಂಡಿ ಜಾನ್ಸ್ ಮೆಟ್ಟಿಲ ಮೇಲಿನಿಂದ ಎರಡು ಮೈಕ್ ಇಳಿಬಿಟ್ಟು ‘ವೆನ್ ದ ಲೆವೀ ಬ್ರೇಕ್ಸ್’ ರೆಕಾರ್ಡ್ ಮಾಡಿದರಲ್ಲ, ಆ ಸದ್ದು ಮೊದಲ ಸಲ ಸ್ಪೀಕರ್‌ನಲ್ಲಿ ಕೇಳಿಸಿದಾಗ ಕೋಣೇಲಿ ಯಾರ್ಯಾರಿದ್ರಿ, ಬಾನಮ್ ಏನಂದ್ರು? ಇದನ್ನ ಕೇಳಿ ಸುಮ್ಮನೆ ಕೂತುಬಿಡ್ತಿದ್ದೆ. ಜಾಹೀರಾತಿನ ಹೊತ್ತಾದರೆ ಆಗಲಿ.